ಚೈನ್ ಗಾಡಿಗೆ ತೂಕ ಹೇಳಿದವನು

ಹೊಸಪೇಟೆಯಲ್ಲಿ ಹಳೆ ಯಂತ್ರ ಕೊಳ್ಳುವ, ಮಾರುವ ಮಂದಿಗೆ ಎರಡೇ ಮಾತು ಸಾಕು. ಒಂದು ‘ಓಟಕ್ಕ’, ಇನ್ನೊಂದು ‘ತೂಕಕ್ಕ’. ಲಾರಿಯೋ, ಟಿಪ್ಪರೋ, ಕಲ್ಲು ಕೊರೆಯುವ ಮಷೀನೋ, ಏನಾದರೂ ಮಾರಾಟಕ್ಕೆ ಬಂದಾಗ ನೋಡಲು ಹೋದವನು ‘ಓಟಕ್ಕ’ ಅಂದರೆ ಅದು ಇನ್ನೂ ಗಾಡಿ. ಓಡುತ್ತದೆ, ದುಡಿಯುತ್ತದೆ, ಅದಕ್ಕೆ ತಕ್ಕ ಬೆಲೆ ಮಾತಾಡಬಹುದು. ‘ತೂಕಕ್ಕ’ ಅಂದರೆ ಮುಗಿಯಿತು. ಅದು ಬರೀ ಕಬ್ಬಿಣ, ಕಿಲೋ ಲೆಕ್ಕದಲ್ಲಿ ಗುಜರಿಗೆ. ಆಮೇಲೆ ಇನ್ನೊಬ್ಬ ಬಂದು ನೋಡುವುದಿಲ್ಲ. ನೋಡಿದರೆ ಮೊದಲು ಹೇಳಿದವನ ಮಾತಿಗೆ ಅವಮಾನ ಮಾಡಿದಂತೆ. ನಾಳೆ ಇವನ ಮಾತಿಗೂ ಯಾರೋ ಹಾಗೇ ಮಾಡುತ್ತಾರೆ. ಹಾಗಾಗಿ ಈ ಲೈನಿನಲ್ಲಿ ಒಬ್ಬ ಹೇಳಿದ ಮೇಲೆ ಮತ್ತೊಬ್ಬ ಬಾಯಿ ಬಿಡುವುದಿಲ್ಲ. ಇದನ್ನು ಅವರು ಮರ್ಯಾದೆ ಅನ್ನುತ್ತಾರೆ. ಬಾಯಿ ಮುಚ್ಚಿಕೊಂಡಿರುವುದಕ್ಕೆ ನಮ್ಮ ಕಡೆ ಇಟ್ಟಿರುವ ಅನೇಕ ಒಳ್ಳೆಯ ಹೆಸರುಗಳಲ್ಲಿ ಇದೂ ಒಂದು.

ಈ ಎರಡು ಮಾತುಗಳ ಮೇಲೆ ಮನೆ ಕಟ್ಟಿಕೊಂಡವನು ರಾಮಾಂಜಿನಿ. ಅಂಗಡಿಯಿಲ್ಲ, ಬೋರ್ಡಿಲ್ಲ. ವೆಲ್ಡಿಂಗ್ ಶಾಪುಗಳ ಸಾಲಿನ ಕೊನೆಗೆ ಒಂದು ಚಹಾದಂಗಡಿ, ಅದರ ಹೊರಗಿನ ಬೆಂಚೇ ಅವನ ಆಫೀಸು. ಕೊಳ್ಳುವವರು, ಮಾರುವವರು, ಪಾಲಿಗೆ ಬಿದ್ದ ಅಣ್ಣತಮ್ಮಂದಿರು ಅಲ್ಲಿಗೆ ಬಂದು ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ, ಗಾಡಿ ತೋರಿಸಿ ಮಾತು ಹೇಳಿಸಿಕೊಳ್ಳುತ್ತಾರೆ. ಹುಟ್ಟಿದ್ದು ಕಮಲಾಪುರದಲ್ಲಿ, ಬಾಳೆತೋಟಗಳಿಗೆ ಕೂಲಿ ಹೋಗುವವರ ಮನೆಯಲ್ಲಿ. ಶಾಲೆ ಅರ್ಧಕ್ಕೆ ಬಿಟ್ಟು ಸಂಡೂರು ಗುಡ್ಡದ ಒಂದು ಖಾಸಗಿ ಗಣಿಯ ವರ್ಕ್‌ಶಾಪು ಸೇರಿದ. ಗ್ರೀಸು ಬಳಿಯುವುದರಿಂದ ಶುರುಮಾಡಿ ಇಂಜಿನ್ ಬಿಚ್ಚುವವರೆಗೆ ಎಲ್ಲವನ್ನೂ ಅಲ್ಲೇ ಕಲಿತ.

ಗಾಡಿ ನೋಡುವಾಗ ಅವನು ಮೇಲೆ ನೋಡುವುದಿಲ್ಲ. ಬಣ್ಣ, ಸೀಟು, ಗಾಜು ಯಾವುದೂ ಅವನಿಗೆ ಬೇಡ. ಒಂದು ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ ಕೆಳಕ್ಕೆ ನುಗ್ಗುತ್ತಾನೆ. ಮಾಲಿಕ ಮೇಲೆ ನಿಂತು ಹೊಗಳುತ್ತಲೇ ಇರುತ್ತಾನೆ. ಇವನು ಕೆಳಗಿನಿಂದ ಹೂಂ ಅನ್ನುತ್ತಿರುತ್ತಾನೆ. ಎದ್ದು ಬೆನ್ನಿನ ಮಣ್ಣು ಕೊಡವಿಕೊಳ್ಳುವ ಹೊತ್ತಿಗೆ ಮಾತು ತಯಾರಾಗಿರುತ್ತದೆ.

ಗಣಿಗಳು ನಿಂತ ವರ್ಷಗಳನ್ನು ಇಲ್ಲಿಯವರಿಗೆ ಯಾರೂ ನೆನಪಿಸಬೇಕಾಗಿಲ್ಲ. ರಸ್ತೆ ಬದಿಯಲ್ಲಿ ಟಿಪ್ಪರುಗಳು ಸಾಲಾಗಿ ನಿಂತಿದ್ದವು. ಟೈರಿನ ಸುತ್ತ ಹುಲ್ಲು ಬೆಳೆದಿತ್ತು, ಬಾನೆಟ್ಟಿನ ಮೇಲೆ ಬಟ್ಟೆ ಒಣಗುತ್ತಿತ್ತು. ನಿನ್ನೆಯವರೆಗೆ ‘ಓನರ್’ ಅನ್ನಿಸಿಕೊಂಡವರು ಬ್ಯಾಂಕಿನವರ ಫೋನು ಎತ್ತದೆ ಓಡಾಡುತ್ತಿದ್ದರು. ಆಗ ಹೊರಗಿನಿಂದ ಕೊಳ್ಳುವವರು ಬಂದರು. ಬಂದವರು ಮೊದಲು ಕೇಳಿದ್ದು ರಾಮಾಂಜಿನಿಯನ್ನು. ಅವರು ಕೊಡುವ ಕಮಿಷನ್ನು ಅವನು ಯಾವ ಮಾತು ಹೇಳುತ್ತಾನೆ ಅನ್ನುವುದರ ಮೇಲಿತ್ತು. ಅವನು ಹೇಳಿದ. ಒಳ್ಳೊಳ್ಳೆಯ ಟಿಪ್ಪರುಗಳ ಕೆಳಗೆ ಮಲಗಿ ಎದ್ದು ತೂಕಕ್ಕ ಅಂದ. ಮಾಲಿಕರು ತಲೆ ಬಗ್ಗಿಸಿ ಕೀ ಕೊಟ್ಟರು. ಕೊಂಡವರು ಅವುಗಳನ್ನು ಕೊಯ್ದು ಕಬ್ಬಿಣ ಮಾಡಿದರೇ? ಎಲ್ಲಿಯ ಮಾತು. ಬಣ್ಣ ಬಳಿದು ಬೇರೆ ರಾಜ್ಯದ ರಸ್ತೆಗೆ ಬಿಟ್ಟರು. ಊರಿಗೆಲ್ಲ ಇದು ಗೊತ್ತಿತ್ತು. ಊರು ಸುಮ್ಮನಿತ್ತು, ಯಾಕೆಂದರೆ ಚಹಾದಂಗಡಿಯವನಿಂದ ಹಿಡಿದು ಕಾಗದ ಬರೆದುಕೊಡುವವನವರೆಗೆ ಎಲ್ಲರ ಜೇಬಿಗೂ ಅದರಲ್ಲಿ ಚೂರುಪಾರು ಬೀಳುತ್ತಿತ್ತು.

ಎಷ್ಟೋ ಕಾಲದ ಮೇಲೆ ಅನಂತಪುರದ ಕಡೆ ಮದುವೆಗೆ ಹೋಗಿದ್ದಾಗ ಒಂದು ಟಿಪ್ಪರು ಇವನ ಬಸ್ಸನ್ನು ಹಿಂದೆ ಹಾಕಿ ಹೋಯಿತು. ಹಿಂಬಾಗಿಲಿನ ಮೂಲೆಯಲ್ಲಿ ಒಂದು ವಕ್ರ ವೆಲ್ಡಿಂಗ್ ಪಟ್ಟಿ. ಅದು ತಾನೇ ಹಾಕಿದ್ದು, ವರ್ಕ್‌ಶಾಪಿನಲ್ಲಿದ್ದಾಗ. ಆ ಗಾಡಿಗೆ ತೂಕ ಹೇಳಿದ್ದೂ ತಾನೇ. ಅದರ ಹಳೆಯ ಮಾಲಿಕ ಈಗ ಇನ್ನೊಬ್ಬರ ಟಿಪ್ಪರಿಗೆ ಡ್ರೈವರು. ಅವತ್ತಿನಿಂದ ರಾಮಾಂಜಿನಿ ಕೊಳ್ಳುವವರ ಕಮಿಷನ್ನು ಬಿಟ್ಟ; ಎರಡೂ ಕಡೆಯವರು ಸೇರಿ ಕೊಟ್ಟಷ್ಟು ತೆಗೆದುಕೊಳ್ಳತೊಡಗಿದ. ಬಿಟ್ಟದ್ದಕ್ಕೆ ಯಾರೂ ಶಭಾಷ್ ಅನ್ನಲಿಲ್ಲ. ಅನ್ನುವಂಥದ್ದೂ ಅಲ್ಲ. ಮನೆ ಅಷ್ಟೊತ್ತಿಗೆ ಎರಡಂತಸ್ತು ಎದ್ದಾಗಿತ್ತು.

ಹೀಗಿರುವಾಗ, ಹೋದ ವರ್ಷ ಭತ್ತದ ಕಟಾವಿಗೆ ಮೊದಲು, ಕಂಪ್ಲಿ ಹತ್ತಿರದ ಮೆಟ್ರಿಯಿಂದ ನಾಗೇಂದ್ರಪ್ಪ ಬಂದ. ಕಂಪ್ಲಿಯಲ್ಲಿ ಬಾಳೆ ಎಲೆ ವ್ಯಾಪಾರ ಮಾಡುವ, ಮಾತು ಕಡಿಮೆಯ ಮನುಷ್ಯ. ತೀರಿಹೋದ ಅಣ್ಣನದೊಂದು ಗಾಡಿ ಇದೆ, ಅದಕ್ಕೆ ಬೆಲೆ ಹೇಳಬೇಕು ಅಂದ. ಅಣ್ಣ ಯಾರು ಎಂದು ಕೇಳಿದರೆ ಗವಿಸಿದ್ದಪ್ಪ.

ಗವಿಸಿದ್ದಪ್ಪನನ್ನು ರಾಮಾಂಜಿನಿ ಬಲ್ಲ. ಅವನ ಚೈನ್ ಗಾಡಿಯನ್ನು, ವರ್ಕ್‌ಶಾಪಿನ ದಿನಗಳಿಂದಲೇ, ಅವನಿಗಿಂತ ಹೆಚ್ಚು ಬಲ್ಲ. ಅದು ಬುಲ್ಡೋಜರಲ್ಲ, ಟ್ರ್ಯಾಕ್ಟರೂ ಅಲ್ಲ. ಮುಂದೆ ಇಬ್ಬರು ಕೂರುವ ತಗಡಿನ ಕ್ಯಾಬಿನ್ನು, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ, ಕೆಳಗೆ ಗಾಲಿಗಳ ಬದಲು ಎರಡು ಕಡೆ ಕಬ್ಬಿಣದ ಚೈನು. ಸ್ಟೇರಿಂಗಿಲ್ಲ, ಎರಡು ಲಿವರು. ಎಡದ್ದು ಎಳೆದರೆ ಎಡಕ್ಕೆ, ಬಲದ್ದು ಎಳೆದರೆ ಬಲಕ್ಕೆ. ಯಾವುದೋ ದೇಶದಲ್ಲಿ ಹಿಮದ ಮೇಲೆ ಓಡಲಿ ಎಂದು ಮಾಡಿದ್ದಂತೆ. ಗಣಿ ಮಾಲಿಕನೊಬ್ಬ ಬಹಳ ಹಿಂದೆಯೇ ಅದನ್ನು ತರಿಸಿ, ಲಾರಿ ಹತ್ತದ ಗುಡ್ಡಕ್ಕೆ ನೀರು, ಪೈಪು, ಮಂದಿಯನ್ನು ಹೊರಿಸುತ್ತಿದ್ದ. ಅಣ್ಣತಮ್ಮಂದಿರಿಬ್ಬರೂ ಅಲ್ಲಿ ಕೆಲಸಕ್ಕಿದ್ದರು. ಗಣಿ ನಿಂತಾಗ ಬಾಕಿ ಸಂಬಳಕ್ಕೆ ಬದಲು ಮಾಲಿಕ ಈ ಗಾಡಿ ತೋರಿಸಿದ. ಉಳಿದವರೆಲ್ಲ ನಕ್ಕರು. ಗವಿಸಿದ್ದಪ್ಪ ತಮ್ಮನನ್ನು ಒಪ್ಪಿಸಿ ಮೆಟ್ರಿಗೆ ತಂದ.

ಗುಡ್ಡದ ಗಾಡಿ ಗದ್ದೆಯಲ್ಲಿ ಏನು ಮಾಡುತ್ತದೆ ಎಂದು ಕೇಳಿದವರಿಗೆ ಮೊದಲ ಕಟಾವಿನಲ್ಲೇ ಉತ್ತರ ಸಿಕ್ಕಿತು. ಕಾಲುವೆ ನೀರಿನ ಭೂಮಿ ಅದು. ಕಟಾವಿನ ಕಾಲಕ್ಕೂ ಕೆಲವು ಗದ್ದೆ ಮೊಣಕಾಲುದ್ದ ಕೆಸರು. ಟ್ರ್ಯಾಕ್ಟರು ಇಳಿದರೆ ಹೂತು ಕೂರುತ್ತದೆ. ಅದನ್ನು ಎಳೆಯಲು ಬಂದ ಇನ್ನೊಂದೂ ಹೂತುಕೊಳ್ಳುತ್ತದೆ. ಚೈನ್ ಗಾಡಿ ಮಾತ್ರ ಎಮ್ಮೆಯ ಹಾಗೆ ಕೆಸರಿಗಿಳಿದು ಎರಡನ್ನೂ ಎಳೆದುಕೊಂಡು ಬರುತ್ತಿತ್ತು. ಭತ್ತದ ಚೀಲವನ್ನೂ ಹೊರುತ್ತಿತ್ತು. ಗವಿಸಿದ್ದಪ್ಪನಿಗೆ ಎದೆ ಬೇನೆ ಬಂದ ಮೇಲೆ ಲಿವರು ಹಿಡಿದವಳು ಮಗಳು ತುಳಸಿ. ಕಂಪ್ಲಿಯಲ್ಲಿ ಡಿಗ್ರಿ ಮುಗಿಸಿದ ಹುಡುಗಿ. ಊರು ಅವಳಿಗೆ ‘ಮಿಲಿಟ್ರಿ ತುಳಸಿ’ ಎಂದು ಹೆಸರಿಟ್ಟಿತು. ಮುಂದೆ ನಗುತ್ತಿದ್ದವರೇ ಟ್ರ್ಯಾಕ್ಟರು ಹೂತಾಗ ಮನೆ ಬಾಗಿಲಿಗೆ ಬಂದು ತಂಗಿ, ಅವ್ವಾ ಅನ್ನುತ್ತಿದ್ದರು.

ಈಗ ಗವಿಸಿದ್ದಪ್ಪ ಇಲ್ಲ. ಗಾಡಿಯಲ್ಲಿ ಅರ್ಧ ನಾಗೇಂದ್ರಪ್ಪನದು. ಅವನ ಮಗನಿಗೆ ಕಂಪ್ಲಿಯಲ್ಲಿ ಅಂಗಡಿ ಇಡಬೇಕಾಗಿದೆ, ಪಾಲು ಬೇಕು. ತುಳಸಿಗೆ ಗಾಡಿ ಬೇಕು. ಬೇರೆ ಕೆಲಸ ಅವಳಿಗೆ ಬೇಡ. ಹಂಪಿಯ ಹತ್ತಿರ ರೆಸಾರ್ಟು ಇಟ್ಟಿರುವ ಲಿಂಗರಾಜ್ ಎನ್ನುವವರು ಒಂದು ಸಲ ದಾರಿಯಲ್ಲಿ ಆ ಗಾಡಿ ನೋಡಿ, ಇಂಥ ಹಳೇದು ಎಲ್ಲೂ ಸಿಗುವುದಿಲ್ಲ, ನನ್ನ ಗೇಟಿನ ಮುಂದೆ ನಿಲ್ಲಿಸುತ್ತೇನೆ ಎಂದು ದೊಡ್ಡ ಬೆಲೆ ಹೇಳಿ ಹೋಗಿದ್ದರು. ಇಷ್ಟನ್ನೂ ನಾಗೇಂದ್ರಪ್ಪ ದಾರಿಯಲ್ಲೇ ಹೇಳಿದ. ಹೇಳದೆ ಉಳಿದದ್ದು ಒಂದಿತ್ತು. ರಾಮಾಂಜಿನಿ ಕೇಳಲಿಲ್ಲ.

ಮೆಟ್ರಿಯಲ್ಲಿ ಗಾಡಿ ಬೇವಿನ ಮರದ ಕೆಳಗೆ ನಿಂತಿತ್ತು. ಗವಿಸಿದ್ದಪ್ಪನ ಹೆಂಡತಿ ಭರಮಮ್ಮ ಗೋಣಿಚೀಲ ತಂದು ಹಾಸಿದಳು. ರಾಮಾಂಜಿನಿ ಕೆಳಗೆ ನುಗ್ಗಿದ.

ಚೈನ್ ಗಾಡಿಯ ಅರ್ಧ ಬೆಲೆ ಇರುವುದು ಚೈನಿನಲ್ಲಿ. ಕೊಂಡಿಗಳನ್ನು ಹಿಡಿದಿರುವ ಪಿನ್ನು ಸವೆದರೆ ಚೈನು ಸಡಿಲ. ಚೈನು ಸಡಿಲವಾದರೆ ಅದನ್ನು ತಿರುಗಿಸುವ ಹಲ್ಲುಚಕ್ರದ ಹಲ್ಲು ಮುಳ್ಳಿನ ಹಾಗೆ ಚೂಪಾಗುತ್ತದೆ. ಅಲ್ಲಿಗೆ ಗಾಡಿಯ ಕತೆ ಮುಗಿದಂತೆ, ಏಕೆಂದರೆ ಇಷ್ಟು ಹಳೆಯದಕ್ಕೆ ಸಾಮಾನು ಯಾವ ಅಂಗಡಿಯಲ್ಲೂ ಇಲ್ಲ. ರಾಮಾಂಜಿನಿ ಬೆರಳಿನಿಂದ ಹಲ್ಲುಗಳನ್ನು ಸವರಿದ. ದುಂಡಗಿದ್ದವು. ಪಿನ್ನುಗಳನ್ನು ಗವಿಸಿದ್ದಪ್ಪ ಲೇತಿನಲ್ಲಿ ಹೊಸದಾಗಿ ಕಡೆಸಿದ್ದ. ಕ್ಯಾಬಿನ್ನಿನ ತಳದ ತಗಡು ಎತ್ತಿ, ಗಾಡಿಗೆ ಬೆನ್ನೆಲುಬಾದ ಚಾಸಿ ನೋಡಿದ: ಕೆಂಪು ಬಣ್ಣ ಬಳಿದದ್ದು ಬಳಿದ ಹಾಗೇ ಇತ್ತು, ತುಕ್ಕಿಲ್ಲ, ಸೀಳಿಲ್ಲ. ತುಳಸಿಯನ್ನು ಕರೆದು ಸ್ಟಾರ್ಟು ಮಾಡಿಸಿದ. ಉದ್ದನೆಯ ಸ್ಪಾನರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕಣ್ಣು ಮುಚ್ಚಿದ. ಹಳೇ ಇಂಜಿನ್ನು ತೆಗೆದು ಲಾರಿಯದನ್ನು ಕೂರಿಸಿದ್ದರು. ಷೋಕಿಗೆ ಕೊಳ್ಳುವವರು ಅದಕ್ಕೆ ಬೆಲೆ ಮುರಿಯುತ್ತಾರೆ, ದುಡಿಸುವವನು ಏರಿಸುತ್ತಾನೆ. ಹೇಗೆ ನೋಡಿದರೂ ಅದು ಓಟದ ಗಾಡಿ. ಈ ಹಲವು ವರ್ಷಗಳಲ್ಲಿ ಅವನು ನೋಡಿದ್ದರಲ್ಲೇ ಅಷ್ಟು ಜತನದ ಗಾಡಿ ಇನ್ನೊಂದಿರಲಿಲ್ಲ.

ಓಟಕ್ಕ ಅಂದರೆ ಏನಾಗುತ್ತದೆ? ಲಿಂಗರಾಜ್ ಹೇಳಿದ ಬೆಲೆಯ ಅರ್ಧ ನಾಗೇಂದ್ರಪ್ಪನಿಗೆ ಕೊಡಬೇಕು. ಈ ಹುಡುಗಿ ಎಲ್ಲಿಂದ ತರುತ್ತಾಳೆ? ಗಾಡಿ ಹೋಗಿ ರೆಸಾರ್ಟಿನ ಗೇಟಿಗೆ ನಿಲ್ಲುತ್ತದೆ. ತೂಕಕ್ಕ ಅಂದರೆ ಕಬ್ಬಿಣದ ರೇಟು. ಅದರ ಅರ್ಧವನ್ನು ಅವಳು ಹೇಗಾದರೂ ಹೊಂದಿಸಬಲ್ಲಳು. ಯಾರ್ಯಾರಿಗೋ ಅನ್ಯಾಯವಾಗಿ ಹೇಳಿದ ಮಾತನ್ನು ಒಂದು ಸಲ ಇನ್ನೊಬ್ಬರ ಒಳ್ಳೆಯದಕ್ಕೆ ಹೇಳಿದರೆ, ಆ ಹಿಂಬಾಗಿಲಿನ ವಕ್ರ ಪಟ್ಟಿ ಕಣ್ಣ ಮುಂದಿನಿಂದ ಹೋಗಬಹುದು. ಹೀಗೆ ಯೋಚಿಸಿದೆ ಎಂದು ಅವನೇ ಹೇಳುತ್ತಾನೆ. ತನ್ನ ಕೊಳೆಯನ್ನು ತೊಳೆಯಲು ಅವನಿಗೆ ಸಿಕ್ಕಿದ್ದು ಇನ್ನೊಬ್ಬರ ಹೊಟ್ಟೆಪಾಡು. ಪಾಪದವರಿಗೆ ಉಪಕಾರ ಮಾಡುವಾಗ ಅವರನ್ನು ಒಂದು ಮಾತು ಕೇಳುವ ರೂಢಿ ನಮ್ಮಲ್ಲಿಲ್ಲ. ಸರ್ಕಾರಕ್ಕಿಲ್ಲ, ಮಠಗಳಿಗಿಲ್ಲ, ರಾಮಾಂಜಿನಿಗೆ ಎಲ್ಲಿಂದ ಬರಬೇಕು?

ಬೆನ್ನಿನ ಮಣ್ಣು ಕೊಡವಿಕೊಂಡು ಅವನು ಹೇಳಿದ: “ತೂಕಕ್ಕರಿ.”

ನಾಗೇಂದ್ರಪ್ಪ ಚೈನಿನ ಕಡೆ ನೋಡಿದ. ದಿನಾ ಓಡುತ್ತದಲ್ಲ ಅಂದ. ಇವನು ಅದಕ್ಕೂ ಉತ್ತರ ತಯಾರು ಮಾಡಿಕೊಂಡಿದ್ದ. “ಚಾಸಿ ಒಳಗ ಸೀಳೈತ್ರಿ. ಇವತ್ತ ಓಡ್ತೈತಿ, ನಾಳೆ ಕೆಸರಾಗ ಎರಡು ತುಂಡು ಆಗ್ತೈತಿ.”

ತುಳಸಿ ಕ್ಯಾಬಿನ್ನಿನಿಂದ ಇಳಿದು ಬಂದಳು. ಇನ್ನೊಮ್ಮೆ ನೋಡ್ರಿ ಅಣ್ಣಾ, ಅಪ್ಪ ವರ್ಷಾ ವರ್ಷಾ ಬಿಚ್ಚಿ ನೋಡ್ತಿದ್ದ ಅಂದಳು. ಇವನು ಅವಳ ಕಡೆ ನೋಡಿ ಒಂದು ಸಣ್ಣ ನಗು ನಕ್ಕ. ಅರ್ಥ ಮಾಡಿಕೊಳ್ಳುತ್ತಾಳೆ ಅಂದುಕೊಂಡ. ಅವಳಿಗೆ ಕಂಡದ್ದು ತನ್ನ ಗಾಡಿಗೆ ಸಾವು ಹೇಳಿ ನಗುತ್ತಿರುವ ಗಂಡಸು.

ಮನೆಗೆ ಬಂದು ಹೆಂಡತಿ ರೇಣುಕಾದೇವಿಗೆ ಇದನ್ನು ಹೇಳಿದಾಗ ಅವನ ಧ್ವನಿಯಲ್ಲಿ ಬಹಳ ದಿನದ ಮೇಲೆ ಹುಮ್ಮಸ್ಸಿತ್ತು. ರೇಣುಕಾದೇವಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: “ಆ ಹುಡುಗಿ ಹಿಂಗ ಹೇಳ್ರಿ ಅಂತ ಕೇಳಿದ್ಲೇನು?”

ಇಲ್ಲ ಅಂದ.

“ಮತ್ತ ನಿಮಗ್ಯಾರು ಹೇಳಿದ್ರು, ದೇವ್ರಾಗ್ರಿ ಅಂತ?”

ಅವನು ಎದ್ದು ಹೋದ.

ಮೂರ್ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ಚಹಾದಂಗಡಿಯ ಬೆಂಚಿನಲ್ಲಿ ಕೂತಿದ್ದವನಿಗೆ ಭರಮಮ್ಮನ ಫೋನು ಬಂತು. ಗ್ಯಾಸ್ ಕಟರ್‌ನವರು ಬಂದಿದ್ದಾರೆ, ಗಾಡಿ ಕೊಯ್ಯುತ್ತಾರಂತೆ, ಮಗಳು ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಸೀಳನ್ನು ಬೆಸೆಯಲು ಬರುತ್ತದೇನು, ಒಂದು ಸಲ ಹೇಳಿರಿ ಅಂದಳು. ರಾಮಾಂಜಿನಿಗೆ ಮೊದಲು ಅರ್ಥವಾಗಲಿಲ್ಲ. ಕೊಯ್ಯುವುದು ಯಾಕೆ? ಅವಳು ಕೊಂಡುಕೊಳ್ಳಬೇಕಿತ್ತಲ್ಲ? ಪಕ್ಕದಲ್ಲಿದ್ದವನ ಬೈಕು ಇಸಕೊಂಡು ಮೆಟ್ರಿಯ ದಾರಿ ಹಿಡಿದ.

ಅಲ್ಲಿ ಹೋದ ಮೇಲೆ ತಿಳಿದದ್ದು ಇಷ್ಟು. ನಾಗೇಂದ್ರಪ್ಪ ಅವನ ಮಾತನ್ನು ಪೂರ್ತಿ ನಂಬಿದ್ದ. ತುಳಸಿ ತೂಕದ ರೇಟಿಗೆ ತಾನೇ ಇಟ್ಟುಕೊಳ್ಳುತ್ತೇನೆ ಅಂದಾಗ ಅವನು ಒಪ್ಪಲಿಲ್ಲ. ಸೀಳಿರುವ ಗಾಡಿಯಲ್ಲಿ ಅಣ್ಣನ ಮಗಳನ್ನು ಕೆಸರಿಗೆ ಇಳಿಸಿ, ಅದರ ಮೇಲೆ ಅವಳಿಂದ ದುಡ್ಡೂ ಇಸಕೊಳ್ಳುವುದೇ? ಕೊಯ್ದರೆ ಆಸೆಯೂ ಹೋಗುತ್ತದೆ, ಅಪಾಯವೂ ಹೋಗುತ್ತದೆ, ಕಬ್ಬಿಣ ಇಬ್ಬರಿಗೂ ಸಮ ಬರುತ್ತದೆ. ಹೀಗೆ ಲೆಕ್ಕ ಹಾಕಿದ್ದ. ಈ ಇಡೀ ಕತೆಯಲ್ಲಿ ನೆಟ್ಟಗೆ ಯೋಚಿಸಿದ ಗಂಡಸು ಅವನೊಬ್ಬನೇ, ಮತ್ತು ಗಾಡಿಯನ್ನು ಕೊಲ್ಲಲು ಸಿಲಿಂಡರು ತರಿಸಿದವನೂ ಅವನೇ.

ಕಟರ್‌ನವನು ಹಿಂದಿನ ಎಳೆಯುವ ಕೊಕ್ಕೆಯನ್ನು ಆಗಲೇ ಕತ್ತರಿಸಿ ಕೆಳಗಿಟ್ಟಿದ್ದ. ಕೆಂಪಗೆ ಕಾದಿದ್ದ ತುದಿ ಕಪ್ಪಾಗುತ್ತಿತ್ತು. ಮುಂದಿನದು ಬಲಗಡೆಯ ಚೈನು.

ರಾಮಾಂಜಿನಿ ಸುಮ್ಮನೆ ವಾಪಸು ಹೋಗಬಹುದಿತ್ತು. ಈ ಲೈನಿನಲ್ಲಿ ಹೇಳಿದ ಮಾತನ್ನು ಹಿಂತೆಗೆದುಕೊಂಡವನಿಗೆ ಮತ್ತೆ ಯಾರೂ ಗೋಣಿಚೀಲ ಹಾಸುವುದಿಲ್ಲ. ಬೈಕಿನ ಮೇಲೆ ಕೂತಂತೆಯೇ ಅದನ್ನೂ ಯೋಚಿಸಿದೆ ಎಂದು ಅವನು ಮುಚ್ಚಿಡದೆ ಹೇಳುತ್ತಾನೆ. ಕಟರ್‌ನ ಬೆಂಕಿ ಚೈನಿಗೆ ತಾಗುವ ಮೊದಲು ಇಳಿದು ಬಂದು ಅಂದ:

“ನಿಲ್ಸಪಾ. ಸೀಳಿಲ್ಲ. ನಾ ಸುಳ್ಳು ಹೇಳೀನಿ.”

ಕಟರ್‌ನವನು ಬೆಂಕಿ ಆರಿಸಿ ನಾಗೇಂದ್ರಪ್ಪನ ಮುಖ ನೋಡಿದ. ನಾಗೇಂದ್ರಪ್ಪ ಕ್ಯಾಬಿನ್ನಿಗೆ ಹತ್ತಿ ತಳದ ತಗಡನ್ನು ತಾನೇ ಎತ್ತಿದ. ತಂತಿ ಬ್ರಷ್ಷು ಕೇಳಿದ. ಚಾಸಿಯ ಉದ್ದಕ್ಕೂ ತಿಕ್ಕಿದ, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಅಣ್ಣ ಬಳಿದ ಕೆಂಪು ಬಣ್ಣ ಕೆತ್ತಿ ಬಂತು, ಕೆಳಗೆ ಹೊಳೆಯುವ ಕಬ್ಬಿಣ ಕಂಡಿತು. ಗೆರೆಯಷ್ಟೂ ಸೀಳಿಲ್ಲ. ಅವನು ಇಳಿದು ಬಂದಾಗ ಕಣ್ಣು ಕೆಂಪಾಗಿದ್ದವು. ಬಣ್ಣದ ಪುಡಿ ಬಿದ್ದು ಹಾಗಾಗಿತ್ತೋ, ಬೇರೆಯೋ.

“ಯಾಕ ಹೇಳಿದ್ರಿ?”

ರಾಮಾಂಜಿನಿ ಹೇಳಿದ. ಬೆಲೆ ಇಳಿದರೆ ಹುಡುಗಿ ಕೊಳ್ಳಬಹುದು ಎಂದು ತಾನು ಅಂದುಕೊಂಡದ್ದನ್ನು, ಅದು ಯಾರೂ ಹೇಳಿಕೊಟ್ಟದ್ದಲ್ಲ ಅನ್ನುವುದನ್ನು, ಎರಡೆರಡು ಸಲ ಹೇಳಿದ. ಹೇಳಿದಷ್ಟೂ ಅದು ಕೇಳಿದವರ ಕಿವಿಗೆ ಬೇರೆಯಾಗಿ ಕೇಳಿಸಿತು. ನಾಗೇಂದ್ರಪ್ಪ ಮನೆಯ ಬಾಗಿಲ ಕಡೆ ತಿರುಗಿದ. ತುಳಸಿ ಹೊಸ್ತಿಲಲ್ಲಿ ನಿಂತಿದ್ದಳು.

“ನನ್ನ ಪಾಲು ಮುರಿಯಾಕ ಇವರ್ನ ಹಿಡಿದಿ?” ಅಂದ.

“ಕಾಕಾ, ನನಗೇನೂ ಗೊತ್ತಿಲ್ಲ.”

ನಾನು ಸಾಕ್ಷಿ, ಅವಳಿಗೆ ಗೊತ್ತಿರಲಿಲ್ಲ ಎಂದು ರಾಮಾಂಜಿನಿ ನಡುವೆ ಬಂದ. ನಾಗೇಂದ್ರಪ್ಪ ಅವನ ಕಡೆ ನೋಡಲೂ ಇಲ್ಲ. ಮೊನ್ನೆಯ ಮಾತು ಸುಳ್ಳು ಅಂದವನ ಇವತ್ತಿನ ಸಾಕ್ಷಿ ಯಾರಿಗೆ ಬೇಕು?

ನಾಗೇಂದ್ರಪ್ಪ ಅವತ್ತು ದಾರಿಯಲ್ಲಿ ಹೇಳದೆ ಉಳಿಸಿದ್ದ ಮಾತು ಆಗ ಹೊರಗೆ ಬಂತು. ಬೆಲೆ ಎಷ್ಟೇ ಆಗಲಿ, ತುಳಸಿಗೇ ಗಾಡಿ ಬಿಡುವುದೆಂದು ಕಾಕನೂ ಅವಳೂ ಮೊದಲೇ ಮಾತಾಡಿಕೊಂಡಿದ್ದರು. ಪ್ರತಿ ಕಟಾವಿಗೆ ಒಂದಿಷ್ಟು ಅಂತ ಅವಳು ತೀರಿಸುತ್ತ ಹೋಗಬೇಕು. ಅಂಗಡಿಗೆ ಅವನು ಬೇರೆ ಕಡೆ ಹೊಂದಿಸಿಕೊಳ್ಳುತ್ತಾನೆ. ಲಿಂಗರಾಜ್‌ಗೆ ಇಲ್ಲ ಅಂದದ್ದೂ ಅವನೇ. ಅಣ್ಣನ ಗಾಡಿ ಮೇಲೆ ಯಾರ್ಯಾರೋ ಕೂತು ಫೋಟೋ ಹಿಡಿಸಿಕೊಳ್ಳುವುದು ಅವನಿಗೆ ಬೇಡವಾಗಿತ್ತು. ಇಬ್ಬರಿಗೂ ಬೇಕಾಗಿದ್ದದ್ದು ಒಂದು ನೆಟ್ಟಗಿನ ಮಾತು. ನಾಳೆ ಅವನ ಮಗನೋ, ಇವಳ ಕೈ ಹಿಡಿಯುವವನೋ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಜಗಳ ತೆಗೆಯದ ಹಾಗೆ, ಹೊರಗಿನವನೊಬ್ಬ ಹೇಳಿದ ಸರಿಯಾದ ಬೆಲೆ. ಅಷ್ಟಕ್ಕೇ ಹೊಸಪೇಟೆಯಿಂದ ರಾಮಾಂಜಿನಿಯನ್ನು ಕರೆಸಿದ್ದರು.

“ಅಣ್ಣನ ಮಗಳಂತ ಭಾಳ ನಂಬಿದ್ದೆ,” ಅಂದ ನಾಗೇಂದ್ರಪ್ಪ. “ಇನ್ನ ಕಂತು ಗಿಂತು ಬ್ಯಾಡ. ಯಾರು ಜಾಸ್ತಿ ಕೊಡ್ತಾರೋ ಅವರಿಗಿ ಹೋಗ್ಲಿ.”

ತುಳಸಿ ಹೊಸ್ತಿಲಿಳಿದು ಬಂದಳು. ಕತ್ತರಿಸಿ ಬಿದ್ದಿದ್ದ ಕೊಕ್ಕೆಯನ್ನು ಎತ್ತಿಕೊಂಡು ಒಳಗೆ ಹೋದಳು. ಅದಿನ್ನೂ ಬಿಸಿಯಿರಬೇಕು, ಸೆರಗಿನಲ್ಲಿ ಹಿಡಿದುಕೊಂಡಿದ್ದಳು.

ಚೈನ್ ಗಾಡಿ ಈಗ ಹಂಪಿಗೆ ಹೋಗುವ ಒಂದು ಒಳದಾರಿಯಲ್ಲಿ ರೆಸಾರ್ಟಿನ ಗೇಟಿಗೆ ನಿಂತಿದೆ. ಕಿತ್ತಳೆ ಬಣ್ಣ ಬಳಿದಿದ್ದಾರೆ. ಇಂಜಿನ್ನು ತೆಗೆದು ಆ ಜಾಗದಲ್ಲಿ ಹೂವಿನ ಕುಂಡ ಇಟ್ಟಿದ್ದಾರೆ. ರಜೆಗೆ ಬಂದವರು ಮಕ್ಕಳನ್ನು ಹತ್ತಿಸಿ ಲಿವರು ಹಿಡಿಸಿ ಫೋಟೋ ತೆಗೆಯುತ್ತಾರೆ. ಮೆಟ್ರಿಯ ಕೆಸರಿನಲ್ಲಿ ಈ ಸಲವೂ ಟ್ರ್ಯಾಕ್ಟರು ಹೂತವು. ದೂರದಿಂದ ಕ್ರೇನು ತರಿಸಿದರು, ಬದುವೆಲ್ಲ ಕುಸಿಯಿತು, ಒಬ್ಬರನ್ನೊಬ್ಬರು ಬೈದುಕೊಂಡರು. ಮಿಲಿಟ್ರಿ ತುಳಸಿ ಇದ್ದಿದ್ದರೆ ಎಂದು ಒಬ್ಬಿಬ್ಬರು ಅಂದರಂತೆ. ಅವಳು ಊರಲ್ಲೇ ಇದ್ದಳು. ಇಲ್ಲದ್ದು ಗಾಡಿ. ಕಾಕನ ಮನೆಗೂ ಇವರ ಮನೆಗೂ ಮಾತಿಲ್ಲ. ಹಬ್ಬಕ್ಕೆ ಭರಮಮ್ಮ ಕಳಿಸಿದ ಹೋಳಿಗೆ ವಾಪಸು ಬಂತು.

ರಾಮಾಂಜಿನಿಯ ಕಸುಬು ಕೆಟ್ಟಿತೆಂದು ನೀವು ಅಂದುಕೊಂಡಿದ್ದರೆ ನಿಮಗೆ ನಮ್ಮೂರು ಗೊತ್ತಿಲ್ಲ. ಒಂದು ತಿಂಗಳು ಯಾರೂ ಬರಲಿಲ್ಲ, ನಿಜ. ಆಮೇಲೆ ಬರತೊಡಗಿದರು, ಮೊದಲಿಗಿಂತ ಹೆಚ್ಚಾಗಿ. ತಂಗಿಗೆ ಪಾಲು ಕೊಡಬೇಕಾದ ಅಣ್ಣಂದಿರು, ಪಾಲುದಾರನನ್ನು ಬಿಡಿಸಿಕೊಳ್ಳಬೇಕಾದ ಪಾಲುದಾರರು. ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈ ಹಾಕಿ, ಮೆಟ್ರಿಯಾಗ ಆ ಹುಡುಗಿಗಿ ಹೇಳಿದ್ರಲ್ಲಾ ಅಣ್ಣಾ, ಹಂಗ ನಮಗೂ ಒಂದು ತೂಕ ಹೇಳಿಬಿಡ್ರಿ ಅನ್ನುತ್ತಾರೆ. ಅವನ ಸುಳ್ಳು ಯಾರನ್ನೂ ಗಾಬರಿಗೊಳಿಸಿಲ್ಲ. ಅದು ಸಿಗುತ್ತದೆ ಅನ್ನುವುದು ಗೊತ್ತಾಗಿದೆ, ಅಷ್ಟೇ. ಅವನು ಹೋಗುವುದಿಲ್ಲ. ಬೆಂಚಿನಲ್ಲಿ ಕೂತು ಚಹಾ ಕುಡಿದು ಮನೆಗೆ ಬರುತ್ತಾನೆ. ಎರಡನೇ ಅಂತಸ್ತನ್ನು ಬಾಡಿಗೆಗೆ ಕೊಟ್ಟಿದ್ದಾನೆ, ಊಟಕ್ಕೆ ತೊಂದರೆಯಿಲ್ಲ.

ಈ ಸಲದ ಕಟಾವಿನಲ್ಲಿ ಅವನು ತುಳಸಿಯನ್ನು ನೋಡಲು ಹೋದ. ಅವಳು ಈಗ ಯಾರದೋ ಭತ್ತ ಕೊಯ್ಯುವ ಚೈನ್ ಮಷೀನಿಗೆ ದಿನಗೂಲಿಯ ಡ್ರೈವರು. ಗದ್ದೆಯ ಬದುವಿನಲ್ಲಿ ಮಷೀನು ನಿಲ್ಲಿಸಿ ಬುತ್ತಿ ಬಿಚ್ಚಿದ್ದಳು. ರಾಮಾಂಜಿನಿ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಡೆದು ಬಂದು ನಿಂತ.

ಕುಂದ್ರಿ ಅಂದಳು ಅವಳು. ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ರೊಟ್ಟಿ ಮುರಿದು ಕೊಟ್ಟಳು. ಅವನು ಹಿಡಿದುಕೊಂಡ, ತಿನ್ನಲಿಲ್ಲ.

“ನನ್ನ ಒಂದು ಮಾತು ಕೇಳಬೇಕಿತ್ತು ನೀವು,” ಅಂದಳು. ಸಿಟ್ಟಿನಿಂದಲ್ಲ. ಬಹಳ ದಿನ ಅದನ್ನೇ ಯೋಚಿಸಿ ಸವೆದು ಹೋದ ಮಾತಿನ ಹಾಗೆ.

ಹೌದವ್ವಾ ಅಂದ. ಆಮೇಲೆ ಬಂದ ಕಾರಣ ಹೇಳಿದ. ಸಂಡೂರಿನ ಕಡೆ ಒಂದು ಹಳೆ ಚೈನ್ ಗಾಡಿ ಇದೆ, ಇಂಥದ್ದೇ ಅಲ್ಲ, ಸ್ವಲ್ಪ ಸಣ್ಣದು. ಚೆನ್ನಾಗಿದೆ. ನಿನ್ನ ಕೈಯಲ್ಲಿರುವ ದುಡ್ಡಿಗೆ ಬರುವ ಹಾಗೆ ಮಾಡಿಸಿಕೊಡುತ್ತೇನೆ. ಅದು ನನ್ನ ಜವಾಬ್ದಾರಿ.

ತುಳಸಿ ಕೈ ತೊಳೆದುಕೊಂಡು ಬಾಟಲಿಯ ಮುಚ್ಚಳ ಹಾಕಿದಳು.

“ಯಾರದ್ರಿ ಅದು?”

ಒಬ್ಬ ಮುದುಕಿಯದು. ಮಗ ಓಡಿಸುತ್ತಿದ್ದ, ಈಗ ಇಲ್ಲ.

“ಅಕಿಗೇನು ಹೇಳೋರು ನೀವು?”

ರಾಮಾಂಜಿನಿ ಕೈಯಲ್ಲಿದ್ದ ರೊಟ್ಟಿ ನೋಡಿದ. ಆಚೆ ಬದುವಿನಿಂದ ಗದ್ದೆಯ ಮಾಲಿಕ ಜಲ್ದಿ ಬಾರವ್ವ, ಮೋಡ ಆಗೈತಿ ಎಂದು ಕೂಗಿದ. ತುಳಸಿ ಬುತ್ತಿ ಗಂಟು ಕಟ್ಟಿ, ಮಷೀನು ಹತ್ತಿ ಸ್ಟಾರ್ಟು ಮಾಡಿದಳು. ಇವನು ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ.